ಗುಡವಿಗೆ ಬಸ್ಸಿನಲ್ಲಿ

ಕಳೆದ ವರ್ಷ ಏಪ್ರಿಲ್‌ನಲ್ಲಿ ನನ್ನ ಮಗಳ ಮಗನಿಗೆ 18 ತುಂಬಿತು. ಬೆಳಿಗ್ಗೆಯೇ ಶಿವಮೊಗ್ಗದಿಂದ ಬೆಂಗಳೂರಿಗೆ ಫೋನು ಮಾಡಿ ಹಾರೈಸಿದೆ. ಜೊತೆಗೆ, "ಪುಟ್ಟ, ಈ ವಾರವೇ ಎಲ್‌ಎಲ್‌ಆರ್ ಮಾಡಿಸಿಬಿಡು. ಡ್ರೈವಿಂಗ್ ಸ್ಕೂಲಿನ ಫೀಸು ನನ್ನ ಲೆಕ್ಕ" ಎಂದೆ. ಕುಣಿದಾಡುತ್ತಾನೆ ಅಂದುಕೊಂಡಿದ್ದೆ. ಅವನು ನಿಧಾನವಾಗಿ, "ಯಾಕಜ್ಜ?" ಎಂದ.

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಕಾಲದಲ್ಲಿ ಗಾಡಿ ಕಲಿಯುವುದು ಯಾಕೆ ಎಂದು ಯಾರೂ ಕೇಳಿದ್ದಿಲ್ಲ. ಮೀಸೆ ಯಾಕೆ ಬರುತ್ತದೆ ಎಂದು ಕೇಳಿದ ಹಾಗೆ ಅದು.

ನಿಜ ಹೇಳಿಬಿಡುತ್ತೇನೆ, ನನ್ನ ಮಾತಿನಲ್ಲಿ ಸ್ವಾರ್ಥವೂ ಇತ್ತು. ನನಗೆ ಎಪ್ಪತ್ತು ದಾಟಿದೆ. ಈ ವಯಸ್ಸಿನಲ್ಲಿ ಲೈಸೆನ್ಸನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕು. ನನ್ನದರ ಅವಧಿ ಡಿಸೆಂಬರಿಗೆ ಮುಗಿಯುವುದಿತ್ತು. ಒಂದು ಕಣ್ಣಿನ ಪೊರೆ ತೆಗೆಸಿದ್ದೇನೆ, ಇನ್ನೊಂದು ಬಾಕಿ ಇದೆ. ರಾತ್ರಿ ಎದುರಿನ ಗಾಡಿಯ ಬೆಳಕು ಬಿದ್ದರೆ ರಸ್ತೆಯೇ ಮಾಯ. ಕಾರು ಪೋರ್ಟಿಕೋದಲ್ಲಿ ಧೂಳು ತಿನ್ನುತ್ತಿತ್ತು. ಮೊಮ್ಮಗ ಕಲಿತರೆ ರಜೆಯಲ್ಲಾದರೂ ನನ್ನನ್ನು ಒಂದಿಷ್ಟು ಊರು ಸುತ್ತಿಸುತ್ತಾನೆ ಎಂಬ ಆಸೆ. ಆ ಊರುಗಳ ಪಟ್ಟಿಯಲ್ಲಿ ಮೊದಲನೆಯದು ಸೊರಬ ತಾಲ್ಲೂಕಿನ ಗುಡವಿ.

ಗಣೇಶನ ಹಬ್ಬಕ್ಕೆ ಅವನು ಬಂದಾಗ, "ಗುಡವಿಗೆ ಹೋಗಬೇಕು ಕಣೋ, ಆದರೆ ಕಾರು ಓಡಿಸುವವರಿಲ್ಲ" ಎಂದು ಒಂದು ಕಲ್ಲು ಎಸೆದು ನೋಡಿದೆ. "ಬಸ್ಸಿಲ್ವಾ ಅಜ್ಜ? ನಾಳೆನೇ ಹೋಗೋಣ" ಎಂದ. ಹೀಗೆ ನಮ್ಮ ಪ್ರಯಾಣ ನಿಗದಿಯಾಯಿತು.

ಶಿವಮೊಗ್ಗದಿಂದ ಶಿಕಾರಿಪುರ, ಅಲ್ಲಿಂದ ಶಿರಾಳಕೊಪ್ಪ, ಅಲ್ಲಿಂದ ಸೊರಬ. ಈ ದಾರಿಯಲ್ಲಿ ನಾನು ಸ್ಕೂಟರಿನಲ್ಲೂ ಕಾರಿನಲ್ಲೂ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಆದರೆ ಕಿಟಕಿ ಪಕ್ಕ ಕೂತು ನೋಡಿದ್ದು ಬಹಳ ವರ್ಷಗಳ ಮೇಲೆ ಅವತ್ತೇ. ಗಾಡಿ ಓಡಿಸುವವನಿಗೆ ಗುಂಡಿ ಕಾಣುತ್ತದೆ, ಎದುರಿನ ಲಾರಿ ಕಾಣುತ್ತದೆ, ಊರು ಕಾಣುವುದಿಲ್ಲ. ಮಳೆ ಹಿಡಿದು ಬಿಟ್ಟು ಬರುತ್ತಿತ್ತು. ಮೆಕ್ಕೆಜೋಳದ ಹೊಲಗಳು, ಶುಂಠಿ ಪಟ್ಟೆಗಳು, ಗದ್ದೆ, ಅಡಿಕೆ ತೋಟ ಒಂದಾದ ಮೇಲೊಂದು ಹಿಂದಕ್ಕೆ ಸರಿದವು. ಶಿರಾಳಕೊಪ್ಪ ಬರುವಾಗ ಮೊಮ್ಮಗ ಫೋನಿನಲ್ಲಿ ನೋಡಿ, "ಅಜ್ಜ, ಇಲ್ಲೇ ಪಕ್ಕದಲ್ಲಿ ಬಳ್ಳಿಗಾವೆ, ತಾಳಗುಂದ. ಕದಂಬರ ಶಾಸನ ಇರೋ ಊರು" ಎಂದು ನನಗೇ ಪಾಠ ಹೇಳಿದ. ಕಾರಿನಲ್ಲಿ ಬಂದಿದ್ದರೆ ಈ ಪಾಠ ನಡೆಯುತ್ತಿರಲಿಲ್ಲ. ಅವನು ಸ್ಟೀರಿಂಗ್ ಹಿಡಿದಿರುತ್ತಿದ್ದ, ನಾನು "ನಿಧಾನ, ನಿಧಾನ" ಎನ್ನುತ್ತಿದ್ದೆ.

ಸೊರಬದಿಂದ ಬನವಾಸಿ ರಸ್ತೆಯಲ್ಲಿ 16 ಕಿ.ಮೀ. ಹೋದರೆ ಗುಡವಿ. ಕಂಡಕ್ಟರ್ ಇಳಿಸಿದ ಕಡೆಯಿಂದ ಕೊಡೆ ಬಿಚ್ಚಿಕೊಂಡು ನಡೆದೆವು. ಪಕ್ಷಿಧಾಮ ಎಂದರೆ ಏನೋ ದೊಡ್ಡ ಕಾಡು ಎಂದು ಮೊಮ್ಮಗ ಅಂದುಕೊಂಡಿದ್ದ. ಗುಡವಿ ಹಾಗಲ್ಲ. ಮುಕ್ಕಾಲು ಚದರ ಕಿಲೋಮೀಟರಿಗಿಂತ ತುಸು ಕಡಿಮೆ ಜಾಗ, ಅದರ ಜೀವಾಳ ಒಂದು ಕೆರೆ. ಕೆರೆ ತುಂಬುವುದು ಮಳೆ ನೀರಿನಿಂದ. ನೀರು ತುಂಬಿತೆಂದರೆ ಕೆರೆಯೊಳಗಿನ ಮರಗಳು ಸೊಂಟದವರೆಗೆ ಮುಳುಗಿ ನಿಲ್ಲುತ್ತವೆ. ಹಕ್ಕಿಗಳಿಗೆ ಬೇಕಾದ್ದೂ ಅದೇ. ಸುತ್ತ ನೀರಿದ್ದರೆ ಬೆಕ್ಕು, ನರಿಗಳ ಕಾಟ ಗೂಡಿನವರೆಗೆ ಬರುವುದಿಲ್ಲ.

ದೂರದಿಂದಲೇ ಗಲಾಟೆ ಕೇಳಿಸಿತು. ನಮ್ಮ ಬ್ಯಾಂಕಿನಲ್ಲಿ ಪಿಂಚಣಿ ದಿನ ಕೌಂಟರಿನ ಮುಂದೆ ಇರುತ್ತಿದ್ದ ಸದ್ದು ನೆನಪಾಯಿತು. ಹತ್ತಿರ ಹೋದರೆ ಮರದ ತುಂಬ ಬಿಳಿ ಬಿಳಿ. ಮೈಯೆಲ್ಲ ಬಿಳಿ, ತಲೆ ಕತ್ತು ಮಾತ್ರ ಕಪ್ಪು, ಕುಡುಗೋಲಿನಂತೆ ಬಾಗಿದ ಕೊಕ್ಕು ಇರುವುದು ಬಿಳಿ ಕೆಂಬರಲು. ಗುಡವಿಯ ಮುಖ್ಯ ಅತಿಥಿ ಇದೇ. ಜೊತೆಗೆ ಬೆಳ್ಳಕ್ಕಿ, ನೀರುಕಾಗೆ. ಹಾವಿನಂತೆ ಕತ್ತು ಮಾತ್ರ ನೀರ ಮೇಲೆ ಎತ್ತಿ ಈಜುವ ಹಾವಕ್ಕಿಯನ್ನು ಮೊಮ್ಮಗನೇ ಮೊದಲು ಪತ್ತೆ ಮಾಡಿದ. ಚಮಚದಂಥ ಕೊಕ್ಕಿನ ಹಕ್ಕಿ ಎಲ್ಲಿ ಎಂದು ಬಹಳ ಹೊತ್ತು ಹುಡುಕಿ, ಕೊನೆಗೆ ಎರಡನ್ನು ಕಂಡೆವು. ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಆಟ ಆಡಿಸಬಹುದು: ಮೊದಲು ಕೊಕ್ಕು ನೋಡು, ಆಮೇಲೆ ಅದು ಏನು ತಿನ್ನುತ್ತದೆ ಹೇಳು. ಬಾಗಿದ ಕೊಕ್ಕು ಕೆಸರು ಕೆದಕಲು, ಚೂಪು ಕೊಕ್ಕು ಮೀನು ಚುಚ್ಚಲು, ಚಮಚ ನೀರಿನಲ್ಲಿ ಅತ್ತಿತ್ತ ಆಡಿಸಿ ಸೋಸಲು.

ಕೆರೆಯ ಅಂಚಿನಲ್ಲಿ ಕೂತಾಗ ನಾನು ನನ್ನ ಹಳೆಯ ಕಥೆ ತೆಗೆದೆ. ಮನೆಯವರೆಲ್ಲ ನೂರು ಸಲ ಕೇಳಿದ ಕಥೆ ಅದು. 1979ರಲ್ಲಿ ನಾನು ಸೊರಬದ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಆಗ ಗುಡವಿ ಪಕ್ಷಿಧಾಮ ಎಂದು ಘೋಷಣೆಯಾಗಿರಲಿಲ್ಲ, ಅದಾಗಿದ್ದು 1989ರಲ್ಲಿ. ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಬೆಳೆದವನು ನಾನು. ಆಗ ಬಜಾಜ್ ಚೇತಕ್‌ಗೆ ಹೆಸರು ಬರೆಸಿದರೆ ಗಾಡಿ ಕೈಗೆ ಬರಲು ವರ್ಷಗಟ್ಟಲೆ ಕಾಯಬೇಕಿತ್ತು. ಅಂಥ ಕಾಲದಲ್ಲಿ ನಮ್ಮ ಶಾಖೆಯ ಸಹೋದ್ಯೋಗಿಯೊಬ್ಬ ಯೆಜ್ಡಿ ಬೈಕು ತಂದ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಬೈಕು. ಸ್ಟಾರ್ಟ್ ಮಾಡಲು ಒದೆಯುವ ಕಡ್ಡಿಯೇ ಆಮೇಲೆ ಮುಂದಕ್ಕೆ ಬಾಗಿ ಗೇರ್ ಆಗುತ್ತಿತ್ತು. ಆ ಚಮತ್ಕಾರ ನೋಡಲೆಂದೇ ಜನ ಸೇರುತ್ತಿದ್ದರು. ಒಂದು ಭಾನುವಾರ ನಾವಿಬ್ಬರೂ ಮಳೆಯಲ್ಲೇ ಗುಡವಿಗೆ ಹೊರಟೆವು. ಬರುವಾಗ ಓಡಿಸಿದ್ದು ನಾನು. ತಿರುವಿನಲ್ಲಿ ಕೆಸರಿಗೆ ಜಾರಿ ಗದ್ದೆಗೆ ಬಿದ್ದೆವು. ಮೈಯೆಲ್ಲ ಮಣ್ಣಾಗಿ ಎಮ್ಮೆಗಳ ಹಾಗೆ ಎದ್ದು ಬಂದೆವು. ಇಲ್ಲಿಗೆ ಎಲ್ಲರೂ ನಗುತ್ತಾರೆ.

ಮೊಮ್ಮಗ ನಗಲಿಲ್ಲ. "ಲೈಸೆನ್ಸ್ ಇತ್ತಾ ಅಜ್ಜ?" ಎಂದ.

"ಇರಲಿಲ್ಲ."

"ಹೆಲ್ಮೆಟ್?"

"ಆಗ ಯಾರು ಹಾಕ್ತಿದ್ದರು?"

"ನಿಮ್ಮ ಫ್ರೆಂಡ್‌ಗೆ ಏನೂ ಆಗಲಿಲ್ವಾ?"

ನಾಲ್ಕು ದಶಕಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕಥೆಯನ್ನು ನಾನು ಕೆಸರಿನ ಹತ್ತಿರ ನಿಲ್ಲಿಸುತ್ತಿದ್ದೆನಲ್ಲ, ಅದಕ್ಕೆ. ಅವನ ಮೊಣಕಾಲು ಮುರಿದಿತ್ತು. ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಸೊರಬಕ್ಕೆ ತಂದೆವು. ಮೂರು ತಿಂಗಳು ರಜೆ ಹಾಕಿದ. ರಿಟೈರ್ ಆಗುವವರೆಗೂ ಕುಂಟುತ್ತಲೇ ಬ್ಯಾಂಕಿನ ಮೆಟ್ಟಿಲು ಹತ್ತಿದ. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಈಗ ಅವನಿಲ್ಲ. ಅವತ್ತು ಆ ಕೆರೆಯ ದಂಡೆಯಲ್ಲಿ ಕಥೆಯನ್ನು ಮೊದಲ ಸಲ ಪೂರ್ತಿ ಹೇಳಿದೆ.

ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು ತನ್ನ ವಿಷಯ ಹೇಳಿದ. ಪಿಯುಸಿಯಲ್ಲಿ ಅವನ ಬೆಂಚಿನ ಹುಡುಗನೊಬ್ಬ ಅಪ್ಪನ ಸ್ಕೂಟರಿನಲ್ಲಿ ಟ್ಯೂಷನ್ನಿಗೆ ಹೋಗುವಾಗ ಬಿದ್ದು, ವಾರಗಟ್ಟಲೆ ಐಸಿಯುನಲ್ಲಿದ್ದನಂತೆ. "ಭಯ ಅಂತ ಅಲ್ಲ ಅಜ್ಜ. ಬೇಕು ಅಂತ ಅನ್ನಿಸಲ್ಲ" ಎಂದ. ಕಾಲೇಜಿಗೆ ಮೆಟ್ರೋ ಇದೆ. ರಾತ್ರಿ ತಡವಾದರೆ ಫೋನಿನಲ್ಲಿ ಆಟೋ ಕರೆಯುತ್ತಾನೆ. ಗೆಳೆಯರನ್ನು ಕಾಣಲು ಊರು ದಾಟಬೇಕಿಲ್ಲ, ಎಲ್ಲರೂ ಫೋನಿನೊಳಗೇ ಇದ್ದಾರೆ. ಆಮೇಲೆ ಲೆಕ್ಕ ಹೇಳಿದ: ಪೆಟ್ರೋಲು ಲೀಟರಿಗೆ ನೂರು ದಾಟಿದೆ, ಇನ್ಶೂರೆನ್ಸು, ಕಂತು, ನಿಲ್ಲಿಸಲು ಜಾಗವಿಲ್ಲ, ಕೊಂಡ ಮರುದಿನವೇ ಬೆಲೆ ಇಳಿಯುತ್ತದೆ. ಬಿ.ಕಾಂ. ಓದಿದವನು ನಾನು. ಸವಕಳಿಯ ಪಾಠ ಅವನಿಂದ ಕೇಳಬೇಕಾಯಿತು!

ಇದು ನಮ್ಮ ಹುಡುಗನೊಬ್ಬನ ಕಥೆಯಲ್ಲ. ಕಾರಿಲ್ಲದೆ ಹಾಲು ತರುವುದೂ ಕಷ್ಟ ಎನ್ನುವ ಅಮೆರಿಕದಲ್ಲೇ 1983ರಲ್ಲಿ 16 ವರ್ಷದವರಲ್ಲಿ ನೂರಕ್ಕೆ 46 ಮಂದಿ ಲೈಸೆನ್ಸ್ ಪಡೆದಿದ್ದರು. 2014ರ ಹೊತ್ತಿಗೆ ಅದು ನೂರಕ್ಕೆ 25ರ ಆಸುಪಾಸಿಗೆ ಇಳಿದಿತ್ತು. ಭಯಕ್ಕೂ ಕಾರಣವಿದೆ. ನಮ್ಮ ದೇಶದ ರಸ್ತೆಗಳಲ್ಲಿ 2022ರ ಒಂದೇ ವರ್ಷ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು.

"ಈಗಿನ ಹುಡುಗರೆಲ್ಲ ಹೀಗೆ" ಎಂದು ಷರಾ ಬರೆಯಲು ನಾನು ಸಿದ್ಧನಾಗಿದ್ದೆ. ಅಷ್ಟರಲ್ಲಿ ಗುಡವಿಯೇ ಅದನ್ನು ತಿದ್ದಿತು.

ಸಂಜೆ ವಾಪಸು ಬರುವಾಗ ಬಸ್ಸು ತಪ್ಪಿತು. ಮತ್ತೆ ಮಳೆ. ರಸ್ತೆ ಬದಿಯಲ್ಲಿ ನಿಂತಿದ್ದೆವು. ಒಬ್ಬ ಹುಡುಗ ಬೈಕು ನಿಲ್ಲಿಸಿದ. ಹಿಂದೆ ಖಾಲಿ ಹಾಲಿನ ಕ್ಯಾನು. "ಬನ್ನಿ ಅಜ್ಜ, ಇಬ್ಬರೂ ಹತ್ತಿ, ಸೊರಬಕ್ಕೆ ಬಿಡ್ತೀನಿ" ಎಂದ. ನಾನು ಕಾಲು ಎತ್ತಿಯೇ ಬಿಟ್ಟಿದ್ದೆ. ಮೊಮ್ಮಗ ತೋಳು ಹಿಡಿದ.

ಮಾತನಾಡಿಸಿದೆ. ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ವಯಸ್ಸು 17. ಲೈಸೆನ್ಸು ಎಲ್ಲಿಂದ ಬರಬೇಕು? "ಓಡಿಸೋದು ಅಂದ್ರೆ ಖುಷಿನಾ?" ಎಂದೆ. "ಖುಷಿ ಏನ್ ಬಂತು ಅಜ್ಜ. ಬೆಳಿಗ್ಗೆ ಡೈರಿಗೆ ಹಾಲು ಹಾಕ್ಬೇಕು. ಒಂದು ಬಸ್ ತಪ್ಪಿದ್ರೆ ಕಾಲೇಜು ಹೋದಂಗೆ. ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದೂ ನಾನೇ. ಮೆಟ್ರೋ ತಂದು ಇಲ್ಲಿ ಬಿಡ್ಲಿ, ನಾನೂ ಗಾಡಿ ಮುಟ್ಟಲ್ಲ" ಎಂದು ಮೊಮ್ಮಗನ ಕಡೆ ನೋಡಿ ನಕ್ಕ. ಇಬ್ಬರಿಗೂ ಒಂದೇ ವರ್ಷದ ಅಂತರ. ಒಬ್ಬನಿಗೆ ಗಾಡಿ ಬೇಡ, ಇನ್ನೊಬ್ಬನಿಗೆ ಗಾಡಿ ಬಿಟ್ಟರೆ ಗತಿಯಿಲ್ಲ. ಹುಮ್ಮಸ್ಸಿನ ಮಾತು ಇಬ್ಬರಲ್ಲೂ ಇಲ್ಲ.

ಆಗ ನನಗೆ ಹೊಳೆಯಿತು. ನಮಗೆ ಅಂದು ಬೇಕಾಗಿದ್ದುದೂ ಗಾಡಿಯಲ್ಲ, ಊರಾಚೆ ಹೋಗುವುದು. ಅದಕ್ಕೆ ಗಾಡಿಯೊಂದೇ ದಾರಿಯಾಗಿತ್ತು, ಹಾಗಾಗಿ ಗಾಡಿಯನ್ನೇ ಪ್ರೀತಿಸಿದೆವು. ಹೋಗಲು ಬೇರೆ ದಾರಿ ಇರುವ ಹುಡುಗ ಗಾಡಿ ಬೇಡ ಎಂದರೆ ಅದು ಸೋಮಾರಿತನವಲ್ಲ. ಬೇರೆ ದಾರಿ ಇಲ್ಲದ ಹುಡುಗ 17ಕ್ಕೇ ಓಡಿಸಿದರೆ ಅದು ಪುಂಡಾಟವೂ ಅಲ್ಲ. ಆದರೆ ಅಪಾಯವಂತೂ ಹೌದು. ಗೇರ್ ಇಲ್ಲದ 50 ಸಿಸಿವರೆಗಿನ ಗಾಡಿಗೆ 16, ಉಳಿದದ್ದಕ್ಕೆಲ್ಲ 18 ಎಂಬುದು ಕಾನೂನು. 2019ರ ತಿದ್ದುಪಡಿಯ ಪ್ರಕಾರ, ಅಪ್ರಾಪ್ತರು ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. ಕೀಲಿ ಕೊಡುವ ಅಪ್ಪ ಅಮ್ಮ ಇದನ್ನು ತಿಳಿದಿರಬೇಕು. ಬಸ್ಸು ಬಿಡಬೇಕಾದವರೂ ಯೋಚಿಸಬೇಕು. 2023ರ ಜೂನ್ 11ರಿಂದ ನಮ್ಮ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವಿದೆ, ಒಳ್ಳೆಯದೇ. ಆದರೆ ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಈ ಸೌಲಭ್ಯವಿಲ್ಲ.

ಆ ಹುಡುಗ ಹೊರಟಾಗ ಮೊಮ್ಮಗ, "ಹೆಲ್ಮೆಟ್ ಹಾಕ್ಕೊಳ್ಳಿ ಬ್ರೋ" ಎಂದ. ಅದು ಮನೆಯಲ್ಲೇ ಇದೆಯೆಂದು ಹೇಳಿ ಅವನು ಮಳೆಯಲ್ಲಿ ಹೋದ. ಅವನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತೆ. ನಾವು ಬಿದ್ದ ತಿರುವು ಅದೇ ಇರಬಹುದು, ಈಗ ಗುರುತು ಸಿಗುವುದಿಲ್ಲ. ಮುಕ್ಕಾಲು ಗಂಟೆಯ ಮೇಲೆ ಬಸ್ಸು ಬಂತು. ಮೊಮ್ಮಗ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದ.

ಡಿಸೆಂಬರಿನಲ್ಲಿ ನಾನು ಲೈಸೆನ್ಸ್ ನವೀಕರಿಸಲಿಲ್ಲ. ಕಾರು ಮಾರಿದೆ. ಫೋನಿನಲ್ಲಿ ಹೇಳಿದಾಗ ಮೊಮ್ಮಗ, "ಬೇಜಾರಾ ಅಜ್ಜ? ನಿಮಗೋಸ್ಕರ ಬೇಕಾದ್ರೆ ಕಲೀತೀನಿ" ಎಂದ. "ನಿನಗೆ ಬೇಕು ಅನ್ನಿಸಿದಾಗ ಕಲಿ. ಬೇಸಿಗೆಯಲ್ಲಿ ಬಾ, ತಾಳಗುಂದ ನೋಡೋಣ, ಬಸ್ಸಿದೆ" ಎಂದೆ.

ಗುಡವಿಗೆ ಹೋಗುವವರಿಗೆ ನಾಲ್ಕು ಮಾತು. ಮಳೆಗಾಲ ಹಿಡಿದಾಗಿನಿಂದ ನವೆಂಬರ್, ಡಿಸೆಂಬರಿನವರೆಗೆ ಒಳ್ಳೆಯ ಕಾಲ. ಕೆರೆ ಬತ್ತಿದ ಮೇಲೆ ಹೋದರೆ ನಿರಾಸೆ. ಬೆಳಗಿನ ಹೊತ್ತು ಅಥವಾ ಹಕ್ಕಿ ಗೂಡಿಗೆ ಮರಳುವ ಸಂಜೆ ಹೋಗಿ. ರೈಲಿನಲ್ಲಿ ಬರುವವರು ಸಾಗರದಲ್ಲಿ ಇಳಿದು ಸೊರಬದ ಬಸ್ಸು ಹಿಡಿಯಬಹುದು. ಗಾಢ ಬಣ್ಣದ ಬಟ್ಟೆ, ಜೋರು ಮಾತು, ಪ್ಲಾಸ್ಟಿಕ್ ಬೇಡ. ಸಮಯವಿದ್ದರೆ ಅದೇ ರಸ್ತೆಯಲ್ಲಿ ಮುಂದೆ ಬನವಾಸಿಯ ಮಧುಕೇಶ್ವರನನ್ನೂ ನೋಡಿ, ಅಲ್ಲಿನ ಅನಾನಸ್ ತಿಂದು ಬನ್ನಿ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಇಳಿಯುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ನಾವು ಕೇಳಿರಲಿಲ್ಲ.