ನಾಲ್ಕು ದಿನ ರಜೆ: ಯಾವ ವಾರ ಎಲ್ಲಿಗೆ?

ಆಫೀಸಿನ ಗೆಳತಿಯೊಬ್ಬಳು ಇಟಲಿಗೆ ಹೊರಟಿದ್ದಳು. ಎರಡು ವಾರದಿಂದ ಅವಳಿಗೆ ಒಂದೇ ಲೆಕ್ಕ. ಫ್ಲಾರೆನ್ಸ್‌ನ ಉಫಿಝಿ ಗ್ಯಾಲರಿ ಸೋಮವಾರ ಮುಚ್ಚಿರುತ್ತೆ, ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೇ ಭಾನುವಾರ ಬಿಟ್ಟರೆ ಬೇರೆ ಭಾನುವಾರ ತೆಗೆಯಲ್ಲ. ಹಾಗಾದ್ರೆ ಯಾವ ದಿನ ಯಾವ ಊರು? ನಾನು ನಕ್ಕೆ. ಆಮೇಲೆ ಊರಿಗೆ ಫೋನ್ ಮಾಡಿದಾಗ ನನ್ನ ಲೆಕ್ಕವೂ ಅದೇ ಅಂತ ಗೊತ್ತಾಯ್ತು.

ನಮ್ಮೂರು ಬೇಮಳಖೇಡ. ಬೀದರ್ ಜಿಲ್ಲೆಯಲ್ಲೇ ಹುಟ್ಟಿ, ಅಲ್ಲೇ ಬಾಳಿದ ಅವ್ವ ಬೀದರ್ ಕೋಟೆಯನ್ನು ಒಳಗೆ ಹೋಗಿ ನೋಡಿಲ್ಲ. ಹೊಲ, ಮನೆ, ದನ, ನಮ್ಮ ಓದು ಅಂತಲೇ ಅವಳ ದಿನಗಳು ಹೋದವು. ಈಗ ಮೊಣಕಾಲು ನೋವು. ಮುಂದಿನ ವರ್ಷ ನೋಡೋಣ ಅನ್ನೋ ಧೈರ್ಯ ನನಗಿಲ್ಲ. ಕಳೆದ ಸಲ ಭಾನುವಾರ ಝರಣಿ ನರಸಿಂಹನ ದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಗುಹೆಯೊಳಗೆ ಎದೆಮಟ್ಟದ ನೀರಲ್ಲಿ ನಡೆದು ಹೋಗಬೇಕು. ಹೈದರಾಬಾದ್ ಕಡೆಯಿಂದ ಬಂದ ಮಂದಿಯ ಸಾಲು ನೋಡಿಯೇ ಅವ್ವ ಕುಸಿದು ಕೂತಳು. ಅರ್ಧ ತಾಸು ಕಾದು, ದೂರದಿಂದಲೇ ಕೈಮುಗಿದು ವಾಪಸ್ ಬಂದ್ವಿ. ತಪ್ಪು ನನ್ನದೇ. ರಜೆ ಸಿಕ್ಕ ದಿನ ನೋಡಿದ್ದೆ, ವಾರ ನೋಡಿರಲಿಲ್ಲ.

ಈ ಸಲ ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ ಇಟ್ಟುಕೊಂಡೆ. ಅವ್ವನ ಷರತ್ತು ಎರಡೇ: "ಬೇಸ್ತಾರ ಮಾಣಿಕಪ್ರಭುಗಳ ಹತ್ರ, ಐತಾರ ಮಲ್ಲಣ್ಣನ ಹತ್ರ. ನಡುವ ನೀ ಎಲ್ಲಿ ಬೇಕಾದ್ರೂ ಕರ್ಕೊಂಡು ಹೋಗು ತಮ್ಮಾ."

ಗುರುವಾರ ದತ್ತಾತ್ರೇಯನ ದಿನ. ಚಿಟಗುಪ್ಪ ದಾಟಿ ಹುಮನಾಬಾದಿಗೆ ಬಂದು, ಪಕ್ಕದ ಮಾಣಿಕನಗರಕ್ಕೆ ಹೋದೆವು. 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಯಾದ ಮಾಣಿಕಪ್ರಭುಗಳನ್ನು ದತ್ತನ ಅವತಾರ ಅಂತ ನಂಬುತ್ತಾರೆ. ಎಲ್ಲ ಮತಗಳೂ ಒಂದೇ ಅನ್ನೋ ಸಕಲಮತ ಸಂಪ್ರದಾಯ ಅವರದು. ಡಿಸೆಂಬರಿನ ದತ್ತ ಜಯಂತಿ ಸುತ್ತ ಹೋದರೆ ದೊಡ್ಡ ಜಾತ್ರೆ ಸಿಗುತ್ತೆ, ಆದರೆ ನಿಲ್ಲೋಕೂ ಜಾಗ ಇರಲ್ಲ. ಮಾಮೂಲಿ ಗುರುವಾರ ಬೆಳಿಗ್ಗೆ ಹೋಗೋದೇ ವಯಸ್ಸಾದವರಿಗೆ ವಾಸಿ.

ಸಂಜೆ ಜಲಸಂಗಿಗೆ ಹೋದ್ವಿ. ಹುಮನಾಬಾದಿಗೆ ಹತ್ತಿರದ ಹಳ್ಳಿ. ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯ ಇದೆ, ಅದರ ಹೊರಗೋಡೆಯ ಮೇಲೆ ಬರೆಯುತ್ತಾ ನಿಂತ ಒಬ್ಬ ಹೆಣ್ಣು. ಅವಳ ಕೈಯಿಂದ ಮೂಡಿದ್ದು ಆರನೇ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಸಾಲುಗಳು. 1076ರಿಂದ 1126ರವರೆಗೆ ಆಳಿದ ರಾಜ ಅವನು. ಈ ಗುಡಿಗೆ ವಾರದ ಕಟ್ಟುಪಾಡೇನೂ ಇಲ್ಲ, ಗಲಾಟೆಯೂ ಇಲ್ಲ. ಬ್ಯಾಂಕಿನಲ್ಲಿ ಈಗಲೂ ಹೆಬ್ಬೆಟ್ಟು ಒತ್ತುವ ಅವ್ವ ಬಹಳ ಹೊತ್ತು ಆ ಶಿಲಾಬಾಲಿಕೆಯನ್ನೇ ನೋಡಿದಳು. "ಅಕಿ ಏನ್ ಬರೀಲಿಕತ್ಯಾಳ?" ಅಂದಳು. ರಾಜನ ಹೊಗಳಿಕೆ ಅಂದೆ. "ಆಗಿನ ಕಾಲದಾಗ ಹೆಣಮಕ್ಳಿಗಿ ಬರೀಲಿಕ್ಕ ಬರ್ತಿತ್ತಲ್ಲ" ಅಂದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಶುಕ್ರವಾರಕ್ಕೆ ಬೀದರ್ ಇಟ್ಟುಕೊಳ್ಳಲಿಲ್ಲ, ಇದನ್ನು ನೆನಪಿಡಿ. ಕೇಂದ್ರ ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಶುಕ್ರವಾರವೇ ವಾರದ ರಜೆ. ಬಿದ್ರಿ ಕೆಲಸದ ಅಂಗಡಿಗಳಲ್ಲೂ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಕುಶಲಕರ್ಮಿಗಳು ಸಿಗೋದು ಕಷ್ಟ. ಆ ದಿನ ಬಸವಕಲ್ಯಾಣಕ್ಕೆ ಕೊಟ್ಟೆವು. ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ತಿರುಗಿದರೆ ವಿಕ್ರಮಾದಿತ್ಯನ ರಾಜಧಾನಿಯೇ ಬಂತು. ಕೋಟೆ, ಪರುಷಕಟ್ಟೆ, ತ್ರಿಪುರಾಂತಕ ಕೆರೆ, 108 ಅಡಿ ಬಸವಣ್ಣ. ಕೋಟೆ ಮೆಟ್ಟಿಲು ಅವ್ವನಿಗೆ ಆಗಲಿಲ್ಲ, ಪರುಷಕಟ್ಟೆ ಹತ್ರ ಕೂತು ಗುರುತಿಲ್ಲದ ಹೆಂಗಸೊಬ್ಬರ ಜೊತೆ ಮಕ್ಕಳ ಮದುವೆ ವಿಷಯ ಮಾತಾಡಿದಳು. ಸೋಮವಾರ ಆಗಿದ್ದರೆ ಇಷ್ಟು ಆರಾಮ ಸಿಗ್ತಿರಲಿಲ್ಲವೇನೋ.

ಶನಿವಾರ ಕೋಟೆ ಬಾಗಿಲು ತೆಗೆಯೋ ಹೊತ್ತಿಗೇ ಬೀದರ್. ಹನ್ನೊಂದರ ನಂತರ ಬಿಸಿಲೂ ಜನರೂ ಒಟ್ಟಿಗೇ ಏರ್ತಾರೆ. ರಂಗೀನ್ ಮಹಲಿಗೆ ಎಷ್ಟೋ ಸಲ ಬೀಗ ಇರುತ್ತೆ. ಸಿಬ್ಬಂದಿಯನ್ನು ವಿನಯದಿಂದ ಕೇಳಿ ನೋಡಿ, ತೆರೆದರೆ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ ಕಾಣುತ್ತೆ. ನಮಗೆ ತೆರೆದರು. ಅವ್ವ ಗೋಡೆಗೆ ಕೈ ತಾಗಿಸದೆ, ಬೆರಳನ್ನು ಗಾಳಿಯಲ್ಲೇ ಆ ಬಳ್ಳಿಯ ಜೊತೆ ಓಡಿಸಿದಳು. ಅಲ್ಲಿಂದ ಮಹಮೂದ್ ಗವಾನನ ಮದರಸಾ. 1472ರ ಕಟ್ಟಡ, 1696ರ ಮದ್ದಿನ ಸ್ಫೋಟದಲ್ಲಿ ಒಂದು ಭಾಗ ಹಾರಿಹೋಯ್ತು. ಉಳಿದಿರುವ ಮಿನಾರಿನ ಮೇಲಿನ ನೀಲಿ ಹೆಂಚಿನ ತುಣುಕು ನೋಡೋಕೆ ಬೆಳಗಿನ ಬೆಳಕೇ ಬೇಕು.

ಐತಾರ ಖಾನಾಪುರದ ಮೈಲಾರ ಮಲ್ಲಣ್ಣ. ಅವನ ವಾರ, ಹಾಗಾಗಿ ಜನ ತಪ್ಪಿಸೋಕಾಗಲ್ಲ. ನಸುಕಿಗೇ ಹೊರಟೆವು. ಭಂಡಾರ ಹಚ್ಚಿಕೊಂಡು ಹೊರಬಂದಾಗ ಗಾಡಿಗಳ ಸಾಲು ಆಗ ತಾನೇ ಶುರುವಾಗಿತ್ತು. ಅವ್ವ ಮೊದಲ ಸಲ ಕಾಲು ನೋವಿನ ಮಾತೆತ್ತಲಿಲ್ಲ.

ಒಂದು ದಿನ ಮಾತ್ರ ಈ ಕಡೆ ತಿರುಗಾಟಕ್ಕೆ ಬರಬೇಡಿ: ಎಳ್ಳ ಅಮಾವಾಸ್ಯೆ. ಊರಿಗೆ ಊರೇ ಹೊಲದಲ್ಲಿರುತ್ತೆ, ಪೇಟೆಯಲ್ಲಿ ಚಹಾ ಸಿಗೋದೂ ಕಷ್ಟ. ಪರಿಚಯದವರು ಯಾರಾದರೂ ಹೊಲಕ್ಕೆ ಕರೆದರೆ ಅದು ಬೇರೆ ಮಾತು. ಆಗ ಕೋಟೆ ಬಿಟ್ಟು ಭಜ್ಜಿ, ರೊಟ್ಟಿ, ಅಂಬಲಿಗೆ ಹೋಗಿ. ನನ್ನ ಇಟಲಿ ಗೆಳತಿಯನ್ನೂ ಕರೆದಿದ್ದೇನೆ.