ಹೆಣ್ಣು ಕೊಟ್ಟ ಊರುಗಳು

ನಮ್ಮ ಅರಭಾವಿ ಕಡೆ ಊರು ನೋಡುವುದಕ್ಕೆಂದು ಯಾರೂ ಊರಿಗೆ ಹೋಗುವುದಿಲ್ಲ. ಮಂದಿಯನ್ನು ನೋಡಲು ಹೋಗುತ್ತಾರೆ, ಊರು ತಾನಾಗಿ ಕಣ್ಣಿಗೆ ಬೀಳುತ್ತದೆ. ಗೋಕಾಕದಲ್ಲಿ ಅವ್ವನ ತಂಗಿ, ಹುಕ್ಕೇರಿಯಲ್ಲಿ ನಮ್ಮ ಸೋದರತ್ತೆ, ಸಂಕೇಶ್ವರದಲ್ಲಿ ಅಜ್ಜಿಯ ತವರಿನ ಕಡೆಯವರು. ಬೆಂಗಳೂರಿನಲ್ಲಿ ಬೆಳೆದ ನನ್ನ ಮಕ್ಕಳಿಗೆ ಇವರೆಲ್ಲ ಮದುವೆಯ ಫೋಟೋದಲ್ಲಿ ನಿಂತವರು, ಅಷ್ಟೇ. ಈ ಮೇ ತಿಂಗಳಲ್ಲಿ ಅವ್ವ ಹಟ ಹಿಡಿದಳು: "ನಾ ಗಟ್ಟಿ ಇದ್ದಾಗ ಒಂದೊಂದ ಮನಿ ಹೊಸ್ತಿಲಾ ತುಳಿಸಿ ಬರೂಣು."

ದುರದುಂಡೀಶ್ವರ ಮಠದಲ್ಲಿ ಕಾಯಿ ಒಡೆಸಿ ಗಾಡಿ ಹತ್ತಿದೆವು. ಲೋಳಸೂರ ಸೇತುವೆಯ ಕೆಳಗೆ ಘಟಪ್ರಭೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದ್ದಳು. 2019ರ ಆಗಸ್ಟ್‌ನಲ್ಲಿ ಇದೇ ಸೇತುವೆ ಮುಳುಗಿ, ಗೋಕಾಕದ ಓಣಿ ಓಣಿಗೂ ನೀರು ನುಗ್ಗಿತ್ತು. ಆಗ ಚಿಗವ್ವನ ಫೋನು ಹತ್ತದೆ ಅವ್ವ ರಾತ್ರಿಯೆಲ್ಲ ಕೂತಿದ್ದಳೆಂದು ಅಪ್ಪ ಮೊಮ್ಮಕ್ಕಳಿಗೆ ಹೇಳಿದ.

ಚಿಗವ್ವನನ್ನು ಗೋಕಾಕಕ್ಕೆ ಯಾಕೆ ಕೊಟ್ಟರು ಎಂದು ಮಗಳು ಕೇಳಿದಳು. ಗಿರಣಿ ಇತ್ತಲ್ಲ, ಅದಕ್ಕೆ. ಜಲಪಾತದ ನೆತ್ತಿಯ ಮೇಲೆ 1885ರಲ್ಲಿ ಹುಟ್ಟಿದ ನೂಲಿನ ಗಿರಣಿ ಅದು. ಐವತ್ತೆರಡು ಮೀಟರ್ ಕೆಳಗೆ ಧುಮುಕುವ ನೀರಿನ ಬಲದಿಂದಲೇ ಯಂತ್ರ ತಿರುಗಿಸಿದ್ದು. ಮಳೆ ನಂಬಿ ಬದುಕುವ ಒಕ್ಕಲಿಗನಿಗೆ ತಿಂಗಳಿಗೊಮ್ಮೆ ಪಗಾರ ತರುವ ಅಳಿಯ ಸಿಕ್ಕಿದರೆ ಬೇರೇನು ಬೇಕು? ನಮ್ಮ ಊರುಗಳಿಂದ ಎಷ್ಟೋ ಹೆಣ್ಣುಮಕ್ಕಳು ಗಿರಣಿಯ ಪಗಾರ ನೋಡಿಯೇ ಗೋಕಾಕದ ಸೊಸೆಯಂದಿರಾದರು. ಗಿರಣಿಯ ಚರಿತ್ರೆ ಬರೆಯುವವರು ಕದಿರುಗಳನ್ನು ಎಣಿಸುತ್ತಾರೆ. ಅದರಿಂದಾಗಿ ಯಾವ ಯಾವ ಹಳ್ಳಿಗಳು ಬೀಗರಾದವು ಎನ್ನುವ ಲೆಕ್ಕ ಅವ್ವನಂಥವರ ಬಾಯಲ್ಲಿ ಮಾತ್ರ ಉಳಿದಿದೆ. ಅದನ್ನು ಬರೆದಿಡುವವರು ಇಲ್ಲವಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಚಿಗವ್ವನ ಮನೆಯಲ್ಲಿ ಕರದಂಟಿನ ತಯಾರಿ ನಡೆದಿತ್ತು, ಮೊಮ್ಮಗಳು ಬಾಣಂತಿ. ಕಾಯ್ದ ತುಪ್ಪಕ್ಕೆ ಅಂಟಿನ ಹರಳು ಬಿಡುತ್ತಿದ್ದಂತೆ ಅದು ಚಟಚಟ ಎಂದು ಅರಳಿ ಬೆಳ್ಳಗೆ ಉಬ್ಬಿ ಮೇಲೆ ಬರುತ್ತಿತ್ತು. ಚಿಗವ್ವ ಝಾರಿಯಲ್ಲಿ ಒಂದು ತೆಗೆದು, ಬೆರಳಿನಿಂದ ಒತ್ತಿ, ನಡುವೆ ಗಟ್ಟಿ ಉಳಿದಿದ್ದರೆ ಮತ್ತೆ ತುಪ್ಪಕ್ಕೆ ಹಾಕುತ್ತಿದ್ದಳು. ಪಕ್ಕದ ಪರಾತದಲ್ಲಿ ಹೆರೆದ ಕೊಬ್ಬರಿ, ಉತ್ತತ್ತಿ, ಗೋಡಂಬಿ. ಒಲೆಯ ಮೇಲೆ ಬೆಲ್ಲದ ಪಾಕ. ಅಂಗಡಿಯ ಡಬ್ಬಿಯಲ್ಲಿ ಕರದಂಟು ಈಗ ಎಲ್ಲಿಗೆಲ್ಲ ಹೋಗುತ್ತದೆ, ಸಂತೋಷವೇ. ಆದರೆ ಹೆತ್ತ ಮಗಳ ಸೊಂಟ ಗಟ್ಟಿಯಾಗಲೆಂದು ತಾಯಿ ಕಟ್ಟಿ ಕಳಿಸುವ ಬುತ್ತಿ ಅದು. ಹಾಗೆ ಬುತ್ತಿಯಾಗಿ ತಿಂದವರಿಗೇ ಅದರ ರುಚಿ ಪೂರ್ತಿ ಗೊತ್ತು.

ಹೊರಡುವಾಗ ಚಿಗವ್ವ ಅವ್ವನಿಗೆ ಉಡಿ ತುಂಬಿದಳು. ಅಕ್ಕಿ, ಅರಿಷಿಣ ಕೊಂಬು, ಉತ್ತತ್ತಿ, ಕೊಬ್ಬರಿ ಬಟ್ಟಲು, ಮೇಲೊಂದು ಗುಳೇದಗುಡ್ಡದ ಖಣ. ಅವ್ವ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಾಳೂ ಬೀಳದಂತೆ ಗಂಟು ಹಾಕಿ, ಗಾಡಿಯಲ್ಲಿ ಕೂತ ಮೇಲೆ ಬಟ್ಟೆಯ ಚೀಲಕ್ಕೆ ಸುರುವಿದಳು. ಪ್ರತಿ ಮನೆಯ ಅಕ್ಕಿಯೂ ಅದೇ ಚೀಲಕ್ಕೆ ಸೇರಬೇಕು ಎಂದು ಅವಳ ಕಟ್ಟಪ್ಪಣೆ.

ಘೋಡಗೇರಿಯ ದಾರಿಯಲ್ಲಿ ನಾನು ಚಂದ್ರಶೇಖರ ಕಂಬಾರರ ಹೆಸರು ತೆಗೆದೆ, ಜ್ಞಾನಪೀಠ ಬಂದವರ ಊರು ಇದು ಎಂದೆ. ಅವ್ವ ಹೌದೆಂದು ತಲೆಯಾಡಿಸಿ, ತನ್ನ ಓರಗಿತ್ತಿಯ ತವರು ಯಾವ ಓಣಿಯಲ್ಲಿತ್ತೆಂದು ಮಕ್ಕಳಿಗೆ ವಿವರಿಸತೊಡಗಿದಳು.

ಹುಕ್ಕೇರಿಯ ಗುಮ್ಮಟಗಳು ಆದಿಲಶಾಹಿ ಕಾಲದವು. ವಿಜಯಪುರದ ದೊಡ್ಡ ಗುಮ್ಮಟ ನೋಡಿದ ಕಣ್ಣಿಗೆ ಇವು ಸಣ್ಣವೇ. ಆದರೆ ಬಿಸಿಲಿನಲ್ಲಿ ಬಂದು ಒಳಗೆ ಕಾಲಿಟ್ಟಾಗ ಕಲ್ಲಿನ ತಂಪು ಅಂಗಾಲಿನಿಂದ ಏರುತ್ತದೆ. ಮಕ್ಕಳು ಹೊರಗೆ ಬರಲು ಒಪ್ಪಲಿಲ್ಲ. ಸೋದರತ್ತೆಯನ್ನು ಈ ಊರಿಗೆ ಕೊಟ್ಟಿದ್ದು ಮಾತ್ರ ಗುಮ್ಮಟಕ್ಕಲ್ಲ, ದೀಪಕ್ಕೆ. 1969ರಲ್ಲಿ ಇಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಜನರೇ ಶೇರು ಹಾಕಿ ಹಳ್ಳಿಹಳ್ಳಿಗೆ ತಂತಿ ಎಳೆಸಿಕೊಂಡ ಸಂಘ ಅದು. "ನಮ್ಮಪ್ಪ ವರ ನೋಡಾಕ ಬಂದಾಂವ ಮೊದಲ ಬಲ್ಬ ನೋಡಿದ್ನಂತ. ಮಗಳು ಚಿಮಣಿ ಹೊಗ್ಯಾಗ ರೊಟ್ಟಿ ಬಡಿಯೂದ ತಪ್ಪತೈತಿ ಅಂದ" ಎಂದು ಎಪ್ಪತ್ತು ದಾಟಿದ ಅತ್ತೆ ಈಗಲೂ ಹೆಮ್ಮೆಯಿಂದ ಹೇಳುತ್ತಾಳೆ. ಅಪ್ಪನೊಬ್ಬ ಮಗಳಿಗಾಗಿ ಆ ಹೊತ್ತಿನಲ್ಲಿ ಯೋಚಿಸಿದ ರೀತಿಗೆ ನನ್ನ ಗಂಟಲು ಕಟ್ಟಿತು.

ಸಂಕೇಶ್ವರಕ್ಕೆ ಹೆಣ್ಣು ಹೋದದ್ದು ಮೆಣಸಿನಕಾಯಿಯ ವ್ಯಾಪಾರದ ಬೆನ್ನು ಹಿಡಿದು. ಅಲ್ಲಿಂದ ಗಡಿ ಬಹಳ ದೂರವಿಲ್ಲ. ಆಚೆ ಗಡಹಿಂಗ್ಲಜದಲ್ಲೂ ನಮ್ಮ ಸಂಬಂಧಿಕರಿದ್ದಾರೆ. 1956ರಲ್ಲಿ ರಾಜ್ಯಗಳು ಬೇರೆಯಾದವು, ಈಚೆಗೆ ಗೋಕಾಕದಿಂದ ಮೂಡಲಗಿ ಬೇರೆ ತಾಲ್ಲೂಕಾಗಿ ನಮ್ಮ ಅರಭಾವಿ ಆ ಕಡೆ ಸೇರಿತು. ಉಡಿಯ ಅಕ್ಕಿ ಮಾತ್ರ ಹಳೇ ದಾರಿಯಲ್ಲೇ ಓಡಾಡುತ್ತಿದೆ.

ಅವ್ವನ ಮನಸ್ಸಿನಲ್ಲಿ ಇನ್ನೊಂದು ಊರಿತ್ತು, ಹುನ್ನೂರು. ಅವಳ ದೊಡ್ಡತ್ತೆಯನ್ನು ಕೊಟ್ಟ ಮನೆ ಅಲ್ಲಿತ್ತು. ಹಿಡಕಲ್ ಜಲಾಶಯ ತುಂಬಿದಾಗ ಊರು ನೀರಿನ ಪಾಲಾಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ವಿಠ್ಠಲನ ಗುಡಿ ಮೇಲೆ ಬರುತ್ತದೆ, ನೋಡಲು ಜನ ಬರುತ್ತಾರೆ. ನಾವು ಹೋದಾಗಲೂ ಮೊಬೈಲು ಹಿಡಿದ ಹುಡುಗರು ಕಲ್ಲಿನ ಕಂಬಗಳ ಸುತ್ತ ನಿಂತಿದ್ದರು. ಅವ್ವ ಗುಡಿಗೆ ಕೈ ಮುಗಿದು, ಆಮೇಲೆ ಬೆನ್ನು ತಿರುಗಿಸಿ ಬಿರಿದ ಕೆಸರಿನ ಮೇಲೆ ನಡೆಯುತ್ತ ಹೋದಳು. ಗುಡಿಯ ಬಲಕ್ಕೆ ಅಗಸಿ, ಅಗಸಿ ದಾಟಿ ಬೇವಿನ ಗಿಡ, ಅದರ ಎದುರು ಮನೆ ಎಂದು ಬಾಯಲ್ಲೇ ಗುರುತು ಹಾಕುತ್ತಿದ್ದಳು. ನೆಲದಲ್ಲಿ ಅಡಿಪಾಯದ ನಾಲ್ಕು ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಈ ನೀರಿನಿಂದ ಕೆಳಗಿನ ಸೀಮೆಯ ಕಬ್ಬು ಹಸಿರಾಗಿದೆ, ನಮ್ಮ ಹೊಲಕ್ಕೂ ಅದೇ ಘಟಪ್ರಭೆಯ ನೀರು. ಅದನ್ನು ನೆನೆದು ನನಗೆ ಆ ಕಲ್ಲುಗಳ ಮುಂದೆ ನಿಲ್ಲಲಾಗಲಿಲ್ಲ. ನಾವು ಉಂಡ ಅನ್ನದಲ್ಲಿ ದೊಡ್ಡತ್ತೆಯ ಹೊಸ್ತಿಲೂ ಇದೆ.

ಕುರಿ ಕಾಯುತ್ತಿದ್ದ ಮುದುಕನೊಬ್ಬನಿಗೆ ಅವ್ವ ಮನೆತನದ ಹೆಸರು ಹೇಳಿದಳು. ಅವನು ಕೋಲಿನಿಂದ ದಿಬ್ಬದ ಆಚೆ ತೋರಿಸಿದ. ಮುಳುಗಡೆಯಾದವರ ಹೊಸ ಊರಿನಲ್ಲಿ, ಪತ್ರಾಸಿನ ಛಾವಣಿಯ ಮನೆಯೊಂದರಲ್ಲಿ, ದೊಡ್ಡತ್ತೆಯ ಮೊಮ್ಮಗನ ಹೆಂಡತಿ ಸಿಕ್ಕಳು. ನಮ್ಮನ್ನು ಆಕೆ ಎಂದೂ ಕಂಡವಳಲ್ಲ. ಅರಭಾವಿ ಎನ್ನುತ್ತಲೇ ತಂಬಿಗೆ ನೀರು ತಂದು ಕೊಟ್ಟಳು, ಜೋಳದ ಹಿಟ್ಟು ತೆಗೆದಳು. ಚಹಾ ಸಾಕೆಂದರೆ ಕೇಳಲಿಲ್ಲ. ಉಂಡೆದ್ದ ಮೇಲೆ ಅವ್ವನ ಸೆರಗಿಗೆ ಅಕ್ಕಿ ಹಾಕುತ್ತ, ಒಂದಿಷ್ಟು ಸಿಟ್ಟಿನಲ್ಲೇ ಅಂದಳು: "ಇನ್ನ ಮ್ಯಾಲ ಬಂದ್ರ ಮೊದಲ ಮನೀಗೆ ಬರ್ರಿ. ಗುಡಿ ಆಮ್ಯಾಲ ನೋಡೀರಂತ."