ದಿಂಬಂನಲ್ಲಿ ಕಂಡ ಮಂಗಳ

2025ರ ಜನವರಿಯ ಕೊನೆಯ ವಾರ ವಿಭಾಗದ ವಿದ್ಯಾರ್ಥಿಗಳೊಂದಿಗೆ ಜಾನಪದ ಕ್ಷೇತ್ರಕಾರ್ಯಕ್ಕೆಂದು ತಾಳವಾಡಿ ಸೀಮೆಗೆ ಹೋಗಿದ್ದೆ. ಆಡಳಿತಕ್ಕೆ ಈರೋಡು ಜಿಲ್ಲೆ; ಮನೆಮಾತು ಬಹುಮಟ್ಟಿಗೆ ಕನ್ನಡ. ಕೊನೆಯ ರಾತ್ರಿ ದಿಂಬಂನಲ್ಲಿ ಪರಿಚಿತರೊಬ್ಬರ ಮನೆಯಲ್ಲಿ ತಂಗಿದೆವು. ಬಣ್ಣಾರಿಯಿಂದ 27 ತಿರುವುಗಳನ್ನೇರಿ ಬರುವ ಘಟ್ಟದ ರಸ್ತೆ ಅಲ್ಲಿ ಬೆಟ್ಟದ ನೆತ್ತಿಯನ್ನು ಮುಟ್ಟುತ್ತದೆ. ಹುಲಿ ಸಂರಕ್ಷಿತ ಅರಣ್ಯವಾದ್ದರಿಂದ 2022ರಿಂದ ನ್ಯಾಯಾಲಯದ ಆದೇಶದಂತೆ ರಾತ್ರಿ ಬಹುಪಾಲು ವಾಹನಗಳಿಗೆ ಪ್ರವೇಶವಿಲ್ಲ. ಕಾಡುಪ್ರಾಣಿಗಳಿಗಾಗಿ ಆದ ಕಟ್ಟಳೆ ನಕ್ಷತ್ರ ನೋಡುವವರಿಗೂ ವರವಾಗಿದೆ.

ನಮ್ಮ ವಿದ್ಯಾರ್ಥಿನಿಯೊಬ್ಬಳ ಅಣ್ಣ ಗೆಳೆಯನೊಡನೆ ಬೆಂಗಳೂರಿನಿಂದ ದೂರದರ್ಶಕ ಹೊತ್ತು ಬಂದಿದ್ದ. ಬ್ಯಾಂಕಿನ ಗುಮಾಸ್ತ. ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ಊರೂರು ತಿರುಗಿ ಆಕಾಶ ತೋರಿಸುವುದು ಅವನ ಹವ್ಯಾಸ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರಿದಾಗ ಅವನಿನ್ನೂ ಶಾಲೆಯಲ್ಲಿದ್ದನಂತೆ. ಅಂದು ಹಿಡಿದ ಹುಚ್ಚು.

“ಇದರಿಂದ ನಿಮಗೇನಪ್ಪಾ ಲಾಭ?” ಎಂದೆ. ಮೇಷ್ಟರ ಪ್ರಶ್ನೆ.

ಉತ್ತರವಾಗಿ ಅವನೊಂದು ಕಥೆ ಹೇಳಿದ. 1976ರ ಜುಲೈ 20ರಂದು ಮಂಗಳದ ನೆಲಕ್ಕಿಳಿದ ವೈಕಿಂಗ್ 1 ನೌಕೆ ವರ್ಷಗಳು ಕಳೆದರೂ ಸುದ್ದಿ ಕಳಿಸುತ್ತಲೇ ಇತ್ತು. ಅದನ್ನು ಆಲಿಸುವುದಕ್ಕೆ ಹಣದ ಅಭಾವವೆಂಬ ಮಾತು ಬಂದಾಗ ಅಮೆರಿಕದ ಸಾಮಾನ್ಯ ಜನ ‘ವೈಕಿಂಗ್ ಫಂಡ್’ ಎಂಬ ನಿಧಿ ಕೂಡಿಸಿ, 1981ರ ಜನವರಿಯಲ್ಲಿ 60,000 ಡಾಲರುಗಳನ್ನು ನಾಸಾಕ್ಕೆ ಒಪ್ಪಿಸಿದರು. ಸರ್ಕಾರದ ನೌಕೆಗೆ ಜನರ ವಂತಿಗೆ! 1982ರ ನವೆಂಬರ್‌ವರೆಗೆ ಅದು ಮಾತಾಡಿತು. ಕಾರ್ಲ್ ಸೇಗನ್ ಮತ್ತು ಸಂಗಡಿಗರು 1980ರಲ್ಲಿ ಕಟ್ಟಿದ ಪ್ಲಾನೆಟರಿ ಸೊಸೈಟಿ, 1998ರಲ್ಲಿ ರಾಬರ್ಟ್ ಜುಬ್ರಿನ್ ಸ್ಥಾಪಿಸಿದ ಮಾರ್ಸ್ ಸೊಸೈಟಿ ಇಂಥ ಜನರವೇ. ಎರಡನೆಯದರ ಸ್ವಯಂಸೇವಕರು ಯೂಟಾ ಮರುಭೂಮಿಯಲ್ಲಿ ಮಂಗಳದಲ್ಲಿರುವವರಂತೆಯೇ ವಾಸಿಸಿ ಅಭ್ಯಾಸ ಮಾಡುತ್ತಾರೆ. ನನಗೆ ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ನೆನಪಾಯಿತು. ವಿಜ್ಞಾನವನ್ನು ಜನರ ಬಳಿಗೆ ಒಯ್ಯುವ ಗೀಳು ನಮ್ಮಲ್ಲಿಯೂ ಹೊಸದಲ್ಲ.

ಜನ ವಂತಿಗೆ ಕೂಡಿಸುತ್ತಿದ್ದ ಆ ವರ್ಷ ನಾನು ನಿಪ್ಪಾಣಿಯ ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯಲ್ಲಿದ್ದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಮುಂದೆ ಹೈಸ್ಕೂಲಿಗೆ ಕನ್ನಡ. ಎರಡೂ ನುಡಿಗಳಲ್ಲಿ ‘ಮಂಗಳ’ವೆಂದರೆ ಶುಭ. ಆದರೆ ನಮ್ಮೂರಲ್ಲಿ “ಹುಡುಗಿಗೆ ಮಂಗಳ ಇದೆ” ಎಂದರೆ ಮಾತುಕತೆ ಮುಗಿಯಿತೆಂದೇ ಅರ್ಥ. ನನ್ನ ಅಕ್ಕನಿಗೆ ಅದಿತ್ತು. ಮೂರು ಸಂಬಂಧಗಳು ಜಗುಲಿಯವರೆಗೆ ಬಂದು ಹಿಂದಿರುಗಿದವು. ಆ ವೇಳೆಗೆ ನಾನು ಪದವಿ ತರಗತಿಯಲ್ಲಿದ್ದೆ. ಜಾತಕವೆಲ್ಲ ಪೊಳ್ಳೆಂದು ಗೆಳೆಯರೊಡನೆ ಗಂಟೆಗಟ್ಟಲೆ ವಾದಿಸುತ್ತಿದ್ದೆ. ಜಗುಲಿಯಲ್ಲಿ ಹಿರಿಯರೆದುರು ಮಾತ್ರ ಒಂದು ದಿನವೂ ಬಾಯಿ ತೆರೆಯಲಿಲ್ಲ. ಅಕ್ಕ ಹೊಲಿಗೆಯಂತ್ರದೊಂದಿಗೆ ಅದೇ ಮನೆಯಲ್ಲಿ ಉಳಿದಳು. ನನ್ನ ಎಂ.ಎ. ಶುಲ್ಕ ಬಂದದ್ದು ಆ ಯಂತ್ರದಿಂದ.

ದೂರದರ್ಶಕದಲ್ಲಿ ಮಂಗಳ ಅಂಥದ್ದೇನೂ ಕಾಣಲಿಲ್ಲ: ತುಸು ನಡುಗುವ, ಕಿತ್ತಳೆ ಬಣ್ಣದ ಪುಟ್ಟ ಬಿಲ್ಲೆ. ದೂರ ಸುಮಾರು 10 ಕೋಟಿ ಕಿಲೋಮೀಟರ್. ಅಲ್ಲಿಂದ ಬೆಳಕು ನಮ್ಮನ್ನು ತಲುಪಲು ಐದೂವರೆ ನಿಮಿಷ. ಮನೆಯ ಅಜ್ಜಿ ಕಂಬಳಿ ಹೊದ್ದು ಬಂದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು.

“ಸೆವ್ವಾಯ್ ದೋಸ ಅಂತಾರಲ್ಲ, ಅದು ಇದೇಯಾ ಸಾಮಿ? ನಮ್ಮ ಮೊಮ್ಮಗಳಿಗೂ ಐತೆ ಅಂದವ್ರೆ.”

ತರುಣ ಉಪದೇಶ ಮಾಡಲಿಲ್ಲ. “ಇದೇ ಅಜ್ಜಿ. ಕಲ್ಲು, ಮಣ್ಣು, ತುಕ್ಕು ಹಿಡಿದ ಕಬ್ಬಿಣದ ಬಣ್ಣ. ಮೊಮ್ಮಗಳನ್ನೂ ಕರೀರಿ, ನೋಡಲಿ” ಎಂದ. ಹುಡುಗಿ ಬಂದು ನೋಡಿದಳು, ನಕ್ಕಳು, ಮತ್ತೊಮ್ಮೆ ನೋಡಿದಳು.

ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಇತ್ತು. ಅಲ್ಲಿ ನಿಂತು ಅಕ್ಕನಿಗೆ ಫೋನು ಮಾಡಿದೆ. “ಮಾಳಿಗೆಗೆ ಹೋಗಕ್ಕಾ. ಮೂಡಲಿಗೆ ಮುಖ ಮಾಡಿ ತಲೆಯೆತ್ತು. ಬೆಳ್ಳಗೆ ಹೊಳೆಯುವುದು ಗುರು, ಅದಲ್ಲ. ಅದಕ್ಕಿಂತ ಕೆಳಗೆ ಪುನರ್ವಸುವಿನ ಜೋಡಿ ನಕ್ಷತ್ರಗಳ ಪಕ್ಕದಲ್ಲಿ ಕೆಂಪಗಿದೆ ನೋಡು.” ಮೆಟ್ಟಿಲೇರುವ ಅವಳ ಏದುಸಿರು ಕೇಳಿಸಿತು. ಆಮೇಲೆ ಮೌನ. ಬಳಿಕ ಮರಾಠಿಯಲ್ಲಿ ಕೇಳಿದಳು: “ಹಾಚ ಕಾ ತೋ?” ಇವನೇನಾ ಅವನು?

“ಹೌದಕ್ಕಾ, ಇವನೇ.”

ಅವಳು ಫೋನು ಇಡಲಿಲ್ಲ, ನಾನೂ ಇಡಲಿಲ್ಲ. ದಿಂಬಂ ಘಟ್ಟ ನಿಶ್ಶಬ್ದವಾಗಿತ್ತು. ಅತ್ತಲಿಂದ ನಿಪ್ಪಾಣಿ ಹೆದ್ದಾರಿಯ ಲಾರಿಗಳ ಸದ್ದು ಕೇಳುತ್ತಿತ್ತು.